ಎರಡು ತಲೆಯ ಹಸುವಿನ ಹೆಸರು

2008ರ ಅಕ್ಟೋಬರ್ ತಿಂಗಳು. 'ಫಾಲ್‌ಔಟ್ 3' ಎಂಬ ವಿಡಿಯೋ ಗೇಮ್ ಅಮೆರಿಕದ ಅಂಗಡಿಗಳಿಗೆ ಬರಲು ವಾರವೂ ಉಳಿದಿರಲಿಲ್ಲ. ಆಗ ಮೈಕ್ರೋಸಾಫ್ಟ್ ಕಂಪನಿ ಒಂದು ಪುಟ್ಟ ಪ್ರಕಟಣೆ ಹೊರಡಿಸಿತು. ಭಾರತದ ಸಾಂಸ್ಕೃತಿಕ ಸೂಕ್ಷ್ಮಗಳನ್ನು ಗಮನದಲ್ಲಿಟ್ಟುಕೊಂಡು ಈ ಆಟವನ್ನು ಅಲ್ಲಿಗೆ ತರುತ್ತಿಲ್ಲ, ಇದು ನಮ್ಮ ವ್ಯಾಪಾರದ ತೀರ್ಮಾನ ಎಂಬುದು ಅದರ ಸಾರ. ಯಾವ ಸೂಕ್ಷ್ಮ, ಯಾರ ಸೂಕ್ಷ್ಮ ಎಂದು ಅದರಲ್ಲಿ ಬರೆದಿರಲಿಲ್ಲ. ಆದರೆ ಆಟ ಬಲ್ಲವರು ಬೊಟ್ಟು ಮಾಡಿದ್ದು ಒಂದು ಪ್ರಾಣಿಯ ಕಡೆಗೆ. ಅಣುಯುದ್ಧದ ವಿಕಿರಣಕ್ಕೆ ಸಿಕ್ಕಿ ಎರಡು ತಲೆ ಮೂಡಿದ ಹಸು ಅದು. ಆಟದಲ್ಲಿ ಅದರ ಹೆಸರು ಬ್ರಾಹ್ಮಿನ್.

ಆಗ ನಾನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಇಲ್ಲಿ ಮಾರುವುದಿಲ್ಲ ಅಂದ ಆಟ ಕೆಲವೇ ತಿಂಗಳಲ್ಲಿ ಹಾರ್ಡ್ ಡಿಸ್ಕಿನಿಂದ ಹಾರ್ಡ್ ಡಿಸ್ಕಿಗೆ ಹಾರುತ್ತ ನಮ್ಮ ಹಾಸ್ಟೆಲ್ ತಲುಪಿತ್ತು. ಹಸುವಿನ ಹೆಸರು ನೋಡಿ ನಕ್ಕವರಿದ್ದರು, ಮುಖ ಸಿಂಡರಿಸಿದವರೂ ಇದ್ದರು. ಎರಡೂ ಕಡೆಯವರು ಆಡುವುದನ್ನು ಮಾತ್ರ ಬಿಡಲಿಲ್ಲ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಸರಣಿ ಶುರುವಾದದ್ದು 1997ರಲ್ಲಿ, ಕ್ಯಾಲಿಫೋರ್ನಿಯಾದ ಇಂಟರ್‌ಪ್ಲೇ ಕಂಪನಿಯಿಂದ. ಟಿಮ್ ಕೇನ್ ಎಂಬ ಪ್ರೋಗ್ರಾಮರ್ ಮೊದಮೊದಲು ಒಬ್ಬರೇ ಕೂತು ಕಟ್ಟತೊಡಗಿದ ಆಟವಿದು. ಎರಡನೇ ಮಹಾಯುದ್ಧದ ನಂತರ ಚರಿತ್ರೆ ಬೇರೆ ದಾರಿ ಹಿಡಿದ ಜಗತ್ತು ಇದರದ್ದು. ಅಲ್ಲಿ ಟ್ರಾನ್ಸಿಸ್ಟರ್ ಹೊತ್ತಿಗೆ ಸರಿಯಾಗಿ ಬರಲೇ ಇಲ್ಲ. ಕಾರು, ರೋಬೋಟುಗಳು ಅಣುಶಕ್ತಿಯಲ್ಲಿ ಓಡುತ್ತವೆ, ಆದರೆ ಜನರ ಹಾಡು, ಉಡುಪು, ಜಾಹೀರಾತು 1950ರ ದಶಕದಿಂದ ಆಚೆ ಕದಲಿಲ್ಲ. 2077ರ ಅಕ್ಟೋಬರ್ 23ರಂದು ಸುಮಾರು ಎರಡು ಗಂಟೆ ಕಾಲ ಯುದ್ಧ, ಅಲ್ಲಿಗೆ ಎಲ್ಲ ಮುಗಿಯಿತು. 'ವಾಲ್ಟ್' ಎಂಬ ನೆಲಮಾಳಿಗೆಗಳಲ್ಲಿ ಅಡಗಿದ ಕೆಲವರು ಉಳಿದರು. ಮೊದಲ ಆಟದಲ್ಲಿ ನೀವು ಅಂಥ ಒಂದು ವಾಲ್ಟಿನವರು. ಅದರ ನೀರು ಶುದ್ಧಮಾಡುವ ಯಂತ್ರದ ಚಿಪ್ ಕೆಟ್ಟಿದೆ, 150 ದಿನದೊಳಗೆ ಇನ್ನೊಂದನ್ನು ಹುಡುಕಿ ತರಬೇಕು. ಅಥಣಿ ಕಡೆಯ ಬೇಸಿಗೆ ಕಂಡವನಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಳುಬಿದ್ದ ಆ ನೆಲದಲ್ಲಿ ಲಾರಿಯಿಲ್ಲ, ರೈಲಿಲ್ಲ. ಸರಕು ಸಾಗುವುದು ಬ್ರಾಹ್ಮಿನ್ ಬೆನ್ನ ಮೇಲೆ. ನಮ್ಮ ಹಿಂದಿನವರ ಹೇರೆತ್ತುಗಳ ಹಾಗೆಯೇ. ಹಾಲು, ಚರ್ಮ, ಗೊಬ್ಬರ ಎಲ್ಲ ಅದರದ್ದೇ. ಹೆಸರಿನ ಹಿಂದೆ ಇರುವುದು ಅಮೆರಿಕದಲ್ಲಿ ನಿಜವಾಗಿಯೂ ಇರುವ 'ಬ್ರಾಹ್ಮನ್' ಎಂಬ ದನದ ತಳಿ. ಡುಬ್ಬವಿರುವ, ಗಂಗೆದೊಗಲು ಜೋಲುವ, ಬಿಸಿಲಿಗೂ ಉಣ್ಣೆಗೂ ಜಗ್ಗದ ದನ. 1854ರಿಂದ 1926ರವರೆಗೆ ಅಮೆರಿಕಕ್ಕೆ ಹೋದ ಭಾರತೀಯ ಮೂಲದ ದನಗಳು ಮುನ್ನೂರಕ್ಕೂ ಕಡಿಮೆ. ಅವುಗಳಿಂದಲೇ ಟೆಕ್ಸಾಸ್ ಕಡೆಯ ರೈತರು ಈ ತಳಿ ಕಟ್ಟಿದರು. 1924ರಲ್ಲಿ ಸಂಘ ಮಾಡಿಕೊಂಡು ಬ್ರಾಹ್ಮನ್ ಎಂಬ ಹೆಸರನ್ನು ಅಧಿಕೃತ ಮಾಡಿದರು. ಅದರ ಮೈಯಲ್ಲಿ ಹರಿಯುವುದು ಮುಖ್ಯವಾಗಿ ಗಿರ್, ಕಾಂಕ್ರೇಜ್, ಓಂಗೋಲ್ ರಕ್ತ. ಜೊತೆಗೆ ಒಂದಿಷ್ಟು ಕೃಷ್ಣಾ ಕಣಿವೆ ತಳಿಯದ್ದು.

ಈ ಕೃಷ್ಣಾ ಕಣಿವೆ ತಳಿ ನಮ್ಮೂರ ಕಡೆಯದು! ಕೃಷ್ಣಾ, ಘಟಪ್ರಭಾ, ಮಲಪ್ರಭಾ ಬಯಲಿನ ಜಿಗುಟು ಎರೆಮಣ್ಣಿನಲ್ಲಿ ನೇಗಿಲು ಎಳೆಯಲು ಭಾರೀ ದನ ಬೇಕೆಂದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸಾಂಗ್ಲಿ ಸೀಮೆಯ ಸಂಸ್ಥಾನಿಕರ ಆಸಕ್ತಿಯಿಂದ ಬೆಳೆದ ತಳಿ ಅದು. ಅಲ್ಲಿಂದ ಹಡಗು ಹತ್ತಿದ ದನದ ಮೊಮ್ಮಕ್ಕಳಿಗೆ ಅಮೆರಿಕದವರು ಒಂದು ವರ್ಣದ ಹೆಸರಿಟ್ಟರು. ಮುಂದೆ ಗೇಮ್ ಮಾಡುವವರು ಅದರ ಕಾಗುಣಿತ ಚೂರು ತಿರುಚಿ, ಇನ್ನೊಂದು ತಲೆ ಅಂಟಿಸಿದರು. ಆ ಹೆಸರು ಭಾರತಕ್ಕೆ ಮರಳುವ ಹೊತ್ತಿಗೆ ಬಾಗಿಲು ಹಾಕಿತ್ತು.

ಅದೇ ವರ್ಷ ಬೇರೆ ದೇಶಗಳಲ್ಲಿ ಏನಾಯಿತು ನೋಡಿ. ಆಸ್ಟ್ರೇಲಿಯಾದ ವರ್ಗೀಕರಣ ಮಂಡಳಿ ಆಟದಲ್ಲಿ ಮಾರ್ಫಿನ್ ಎಂಬ ನಿಜವಾದ ಔಷಧದ ಹೆಸರಿದೆ ಎಂದು ತಿರಸ್ಕರಿಸಿತು. ತಯಾರಕರಾದ ಬೆಥೆಸ್ಡಾದವರು ಅದನ್ನು ಮೆಡ್-ಎಕ್ಸ್ ಎಂದು ಬದಲಿಸಿದರು, ಆಟ ಪಾಸಾಯಿತು. ಜಪಾನಿನಲ್ಲಿ 'ಫ್ಯಾಟ್ ಮ್ಯಾನ್' ಎಂಬ ಆಯುಧದ ಹೆಸರು ತೆಗೆದರು, ಅದು ನಾಗಾಸಾಕಿಯ ಮೇಲೆ ಬಿದ್ದ ಬಾಂಬಿನ ಹೆಸರು. ಒಂದು ಊರನ್ನೇ ಅಣುಬಾಂಬಿನಿಂದ ಉಡಾಯಿಸುವ ಆಯ್ಕೆಯನ್ನೂ ಅಲ್ಲಿ ಕಿತ್ತುಹಾಕಿದರು. ಅಂದರೆ ಹೆಸರು ಬದಲಿಸುವುದು ದೊಡ್ಡ ಕೆಲಸವಾಗಿರಲಿಲ್ಲ. ಭಾರತದ ಮಾರುಕಟ್ಟೆ ಅಷ್ಟು ಶ್ರಮಕ್ಕೆ ತಕ್ಕುದಲ್ಲ ಅನ್ನಿಸಿರಬೇಕು ಎಂಬುದು ನನ್ನ ಊಹೆ.

ನನಗೆ ಕಾಡುವುದು ಬಹಿಷ್ಕಾರವಲ್ಲ, ಬಹಿಷ್ಕಾರವೇ ಇಲ್ಲದಿರುವುದು. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ತಡೆದವರು ಯಾರೆಂದು ಗೊತ್ತಿದ್ದುದರಿಂದ ಅವರ ಜೊತೆ ಜಗಳವಾಡಲು ಸಾಧ್ಯವಾಯಿತು. ಚಿತ್ರ ಹೊರಬಂತು, 1970ರ ಸ್ವರ್ಣಕಮಲವನ್ನೂ ಗೆದ್ದಿತು. ನಾನೀಗ ಇರುವ ಕೋಲ್ಕತ್ತಾದಲ್ಲಿ 2003ರಲ್ಲಿ ಸರ್ಕಾರ ತಸ್ಲೀಮಾ ನಸ್ರೀನ್ ಅವರ 'ದ್ವಿಖಂಡಿತ' ಪುಸ್ತಕವನ್ನು ನಿಷೇಧಿಸಿತು. 2005ರಲ್ಲಿ ಹೈಕೋರ್ಟ್ ಆ ನಿಷೇಧ ತೆಗೆದುಹಾಕಿತು. ಫಾಲ್‌ಔಟ್ 3ರ ವಿಷಯದಲ್ಲಿ ಆದೇಶವೇ ಇಲ್ಲ, ಮೇಲ್ಮನವಿ ಎಲ್ಲಿಗೆ ಹಾಕುವುದು? ಯಾರೂ ನೋವಾಯಿತು ಎಂದು ಹೇಳುವ ಮೊದಲೇ ನಮ್ಮ ನೋವನ್ನು ಬೇರೆಯವರು ಅಂದಾಜು ಮಾಡಿ, ಲೆಕ್ಕ ಹಾಕಿ, ಬಿಟ್ಟುಬಿಟ್ಟರು.

ಈ ಸರಣಿಯನ್ನು ಮೊದಲಿನಿಂದ ಮತ್ತೆ ಆಡಿದ್ದು ಕೋಲ್ಕತ್ತಾಕ್ಕೆ ಬಂದ ಮೇಲೆ. ಕೆಲಸ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ, ಸಾಫ್ಟ್‌ವೇರ್ ಪರೀಕ್ಷಿಸುವುದು. ವಾಸ ಪಾರ್ಕ್ ಸ್ಟ್ರೀಟಿನ ಪಕ್ಕದ ಒಂದು ಓಣಿಯಲ್ಲಿ. ಆಟಕ್ಕೆ ಇದಕ್ಕಿಂತ ಒಳ್ಳೆಯ ನೆರೆಹೊರೆ ಸಿಗಲಾರದು. ಪಾರ್ಕ್ ಸ್ಟ್ರೀಟಿನಲ್ಲಿ ಆ ಪಾರ್ಕ್ ಇಲ್ಲ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶನಾಗಿದ್ದ ಎಲೈಜಾ ಇಂಪೆಯ ಜಿಂಕೆವನ ಇಲ್ಲಿತ್ತಂತೆ, ಅದರ ಹೆಸರಷ್ಟೇ ಉಳಿದಿದೆ. ಅದಕ್ಕೂ ಮೊದಲು ಇದು ಸ್ಮಶಾನದ ರಸ್ತೆ, ಬರಿಯಲ್ ಗ್ರೌಂಡ್ ರೋಡ್. 2004ರಿಂದ ಕಾಗದದಲ್ಲಿ ಮದರ್ ತೆರೇಸಾ ಸರಣಿ. ಟ್ಯಾಕ್ಸಿಯವನಿಗೆ ಹಾಗಂದು ನೋಡಿ, ಒಂದು ಕ್ಷಣ ನಿಮ್ಮ ಮುಖ ನೋಡುತ್ತಾನೆ.

ಫಾಲ್‌ಔಟ್ ಆಟದ ರೇಡಿಯೋದಲ್ಲಿ ಇಂಕ್ ಸ್ಪಾಟ್ಸ್ ತಂಡದ 1940ರ ದಶಕದ ಹಾಡುಗಳು ಬರುತ್ತವೆ. ಅದೇ ಕಾಲದಲ್ಲಿ, ಯುದ್ಧಕ್ಕೆಂದು ಬಂದ ಅಮೆರಿಕನ್ ಸೈನಿಕರು ಈ ಊರಿನಲ್ಲಿ ತುಂಬಿದ್ದಾಗ, ಇಲ್ಲಿಂದ ನಡೆದು ಹೋಗುವಷ್ಟು ದೂರದ ಗ್ರ್ಯಾಂಡ್ ಹೋಟೆಲಿನಲ್ಲಿ ಟೆಡ್ಡಿ ವೆದರ್‌ಫರ್ಡ್ ಎಂಬ ಅಮೆರಿಕದ ಜಾಝ್ ಪಿಯಾನೋ ವಾದಕ ನುಡಿಸುತ್ತಿದ್ದ. 1945ರಲ್ಲಿ ಕಾಲರಾಕ್ಕೆ ಸಿಕ್ಕಿ ಇಲ್ಲಿಯೇ ತೀರಿಕೊಂಡ. ನಂತರದ ದಶಕಗಳಲ್ಲಿ ಮೊಕಾಂಬೊ, ಬ್ಲೂ ಫಾಕ್ಸ್, ಟ್ರಿಂಕಾಸ್‌ಗಳಲ್ಲಿ ಸಂಜೆಯಾದರೆ ಬ್ಯಾಂಡು. ಉಷಾ ಉತ್ತುಪ್ 1969ರಲ್ಲಿ ಸೀರೆಯುಟ್ಟು ಹಾಡಿದ್ದು ಟ್ರಿಂಕಾಸ್‌ನಲ್ಲೇ. ಆಮೇಲೆ ರಾಜಕೀಯ ಗಲಭೆ, ತೆರಿಗೆ, ಕರೆಂಟ್ ಕಡಿತ, ಒಂದೊಂದಾಗಿ ಸಂಗೀತ ನಿಂತಿತು. ಕ್ರಿಸ್‌ಮಸ್ ವಾರದಲ್ಲಿ ದೀಪ ಹಾಕಿ ಆ ಕಾಲವನ್ನು ಮತ್ತೆ ಎಬ್ಬಿಸುತ್ತಾರೆ. ಫಾಲ್‌ಔಟ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ವ್ಯತ್ಯಾಸವೇನೆಂದರೆ ಆಟ ಆ ಸೊಗಸಿನ ಬುಡದಲ್ಲಿ ಬಾಂಬ್ ಇತ್ತು ಎಂಬುದನ್ನು ಮರೆಯುವುದಿಲ್ಲ.

ರಸ್ತೆಯ ಆ ತುದಿಯಲ್ಲಿ ಹಳೆಯ ಸ್ಮಶಾನವಿದೆ, 1767ರದ್ದು. ಏಷ್ಯಾಟಿಕ್ ಸೊಸೈಟಿ ಕಟ್ಟಿದ ವಿಲಿಯಂ ಜೋನ್ಸ್ ಮಲಗಿರುವುದು ಅಲ್ಲಿ. ಕನ್ನಡಿಗರು ಹುಡುಕಿಕೊಂಡು ಹೋಗಬೇಕಾದವನು ಇನ್ನೊಬ್ಬ, ಕಾಲಿನ್ ಮೆಕೆಂಜಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಹೊರಟವನು, ಸಹಾಯಕರನ್ನು ಊರೂರಿಗೆ ಕಳಿಸಿ ಶಾಸನ, ಕೈಫಿಯತ್ತುಗಳನ್ನು ಕೂಡಿಹಾಕಿದ. 1821ರಲ್ಲಿ ತೀರಿಕೊಂಡ. ಒಂದು ರಾಜ್ಯ ಕುಸಿದ ಮೇಲೆ ಹಳ್ಳಿಯ ಶಾನುಭೋಗರು ಬರೆಸಿದ ನೆನಪುಗಳು ಅವು. ಕೆರೆ ಕಟ್ಟಿಸಿದವರು ಯಾರು, ದೇವಸ್ಥಾನದ ಮಾನ್ಯ ಯಾರದು, ಯಾವ ಪಾಳೆಯಗಾರ ಎಲ್ಲಿಂದ ಬಂದ. ಫಾಲ್‌ಔಟ್ ಆಡುವಾಗ ನನಗೆ ಗುಂಡು ಹಾರಿಸುವುದಕ್ಕಿಂತ ಹೆಚ್ಚು ಇಷ್ಟ ಪಾಳುಬಿದ್ದ ಕಟ್ಟಡಗಳ ಹಳೆಯ ಕಂಪ್ಯೂಟರುಗಳನ್ನು ಓದುವುದು. ಯಾರೋ ಬಿಟ್ಟುಹೋದ ದಿನಚರಿ, ಆಸ್ಪತ್ರೆಯ ಟಿಪ್ಪಣಿ, ಕಚೇರಿಯ ಜಗಳ. ಕೈಫಿಯತ್ತು ಅನ್ನದೆ ಅದಕ್ಕೆ ಇನ್ನೇನು ಅನ್ನಲಿ?

ಸರಣಿಯನ್ನು ಅಳೆಯುವವರ ಬಳಿ ಸಾಮಾನ್ಯವಾಗಿ ಇರುವುದು ಅಂಕಪಟ್ಟಿ. ಅದರ ಗತಿ ಏನೆಂಬುದಕ್ಕೆ 'ಫಾಲ್‌ಔಟ್: ನ್ಯೂ ವೇಗಸ್' ಸಾಕ್ಷಿ. 2010ರಲ್ಲಿ ಬಂದ ಈ ಆಟವನ್ನು ಬೆಥೆಸ್ಡಾಗಾಗಿ ಮಾಡಿಕೊಟ್ಟದ್ದು ಒಬ್ಸಿಡಿಯನ್ ಎಂಬ ಸ್ಟುಡಿಯೋ. ವಿಮರ್ಶೆಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಒಪ್ಪಂದವಿತ್ತು, ಬಂದದ್ದು 84 ಎಂದು ಅದರ ಬರಹಗಾರ ಕ್ರಿಸ್ ಅವೆಲೋನ್ 2012ರಲ್ಲಿ ಹೇಳಿದರು. ಇಂದು ಸರಣಿಯ ಅತ್ಯುತ್ತಮ ಆಟ ಯಾವುದೆಂದು ಕೇಳಿದರೆ ಬಹಳ ಜನ ಹೇಳುವುದು ಆ 84ರ ಹೆಸರನ್ನೇ.

ನನ್ನ ಅಳತೆ ಬೇರೆ. ನಾನು ಮಾಡಿದ್ದನ್ನು ಆ ಜಗತ್ತು ನೆನಪಿಡುತ್ತದೆಯೇ? ಮೊದಲ ಫಾಲ್‌ಔಟ್ ನೆನಪಿಡುತ್ತದೆ. ನೀರಿನ ಚಿಪ್ ತಂದು, ದೊಡ್ಡ ಅಪಾಯ ತಪ್ಪಿಸಿ ವಾಲ್ಟಿಗೆ ಮರಳಿದವನನ್ನು ಅದರ ಮುಖ್ಯಸ್ಥ ಬಾಗಿಲಲ್ಲೇ ತಡೆಯುತ್ತಾನೆ. ನೀನು ಹೊರಗನ್ನು ಕಂಡವನು, ಇಲ್ಲಿಯ ಮಕ್ಕಳು ನಿನ್ನನ್ನು ನೋಡಿ ಹೊರಟುಬಿಡುತ್ತಾರೆ, ನೀನಿನ್ನು ಹೋಗು ಎಂಬರ್ಥದ ಮಾತು. ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ದೃಶ್ಯ ಬೇಗ ಇಳಿಯುವುದಿಲ್ಲ. ಫಾಲ್‌ಔಟ್ 3 ತಿರುಗಾಡಲು ಅದ್ಭುತ, ನೆನಪು ಮಾತ್ರ ಕಡಿಮೆ. ಅದರ ಮೊದಲ ಮುಕ್ತಾಯವಂತೂ ಹಾಸ್ಯಾಸ್ಪದ. ವಿಕಿರಣ ತಾಗದ ಫಾಕ್ಸ್ ಎಂಬ ಸಂಗಾತಿ ಪಕ್ಕದಲ್ಲೇ ನಿಂತಿರುತ್ತಾನೆ, ಆ ಕೋಣೆಗೆ ನೀನು ಹೋಗಪ್ಪಾ ಅಂದರೆ ಅದು ನಿನ್ನ ವಿಧಿ ಎಂದು ತಪ್ಪಿಸಿಕೊಳ್ಳುತ್ತಾನೆ! ಜನ ಗಲಾಟೆ ಮಾಡಿದ ಮೇಲೆ 2009ರ ಹೆಚ್ಚುವರಿ ಭಾಗದಲ್ಲಿ ಅದನ್ನು ತಿದ್ದಿದರು. 2015ರ ಫಾಲ್‌ಔಟ್ 4ರಲ್ಲಿ ಮನೆ ಕಟ್ಟುವುದು ಹೆಚ್ಚಿತು, ಮಾತು ನಾಲ್ಕು ಗುಂಡಿಗೆ ಇಳಿಯಿತು. 2018ರ ಫಾಲ್‌ಔಟ್ 76 ಬಂದಾಗ ಆಟಗಾರರನ್ನು ಬಿಟ್ಟರೆ ಮಾತಾಡಿಸಲು ಬದುಕಿದ ಮನುಷ್ಯರೇ ಇರಲಿಲ್ಲ.

ನ್ಯೂ ವೇಗಸ್ ಎಲ್ಲಕ್ಕಿಂತ ಮೇಲೆ ನಿಲ್ಲುವುದು ಅದರ ಚರಿತ್ರೆಯ ಪ್ರಜ್ಞೆಯಿಂದ. ಒಬ್ಬ ಓದಿದವನು ಹಳೆಯ ಪುಸ್ತಕಗಳಲ್ಲಿ ರೋಮಿನ ಕಥೆ ಓದಿ, ಸೀಸರ್ ಎಂದು ಹೆಸರಿಟ್ಟುಕೊಂಡು, ಗುಲಾಮರ ಸೈನ್ಯ ಕಟ್ಟುತ್ತಾನೆ. ಎದುರು ಬದಿಯ ಗಣರಾಜ್ಯ ಅಮೆರಿಕದ ಹಳೆಯ ಆಸೆಗಳನ್ನೂ ಹಳೆಯ ರೋಗಗಳನ್ನೂ ಒಟ್ಟಿಗೆ ಹೊತ್ತಿದೆ. ಅಲ್ಲಿ ಹಸು ಸಾಕಿ ಸಿರಿವಂತರಾದ ಜಮೀನ್ದಾರರನ್ನು 'ಬ್ರಾಹ್ಮಿನ್ ಬ್ಯಾರನ್' ಎನ್ನುತ್ತಾರೆ, ಅಧಿಕಾರ ಅವರ ಮಾತು ಕೇಳುತ್ತದೆ. ಹೆಸರುಗಳು ಅರ್ಥ ಕಳಚಿಕೊಂಡು ಬದುಕುತ್ತವೆ, ಮತ್ತೆ ಯಾರದೋ ಕೈಗೆ ಸಿಕ್ಕಿ ಹೊಸ ಕೆಲಸ ಮಾಡುತ್ತವೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಆಟ ನಾನು ಬೇರೆ ಕಂಡಿಲ್ಲ. ನಮಗೆ ತಡೆದದ್ದು ಅಂಥ ಸರಣಿಯನ್ನು, ಅದೂ ಒಂದು ಹೆಸರಿನ ಸಲುವಾಗಿ.

ಇಂಟರ್‌ಪ್ಲೇಯಿಂದ ಬೆಥೆಸ್ಡಾ ಈ ಸರಣಿಯ ಹಕ್ಕನ್ನು 2007ರಲ್ಲಿ 57.5 ಲಕ್ಷ ಡಾಲರಿಗೆ ಕೊಂಡಿತ್ತು. ಬೆಥೆಸ್ಡಾದ ಮಾತೃಸಂಸ್ಥೆಯನ್ನು 2021ರಲ್ಲಿ 750 ಕೋಟಿ ಡಾಲರಿಗೆ ಕೊಂಡದ್ದು ಯಾರು ಗೊತ್ತೇ? ಅದೇ ಮೈಕ್ರೋಸಾಫ್ಟ್. ಒಬ್ಸಿಡಿಯನ್ ಕೂಡ ಈಗ ಅವರದ್ದೇ. ಸರಣಿಯ ಆಟಗಳು ಇಂದು ಭಾರತದಲ್ಲಿ ರೂಪಾಯಿ ಕೊಟ್ಟರೆ ಸಿಗುತ್ತವೆ, ಬ್ರಾಹ್ಮಿನ್ ಹೆಸರೂ ಹಾಗೆಯೇ ಇದೆ. 2024ರಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಧಾರಾವಾಹಿಯಾಗಿಯೂ ಬಂತು. ಅದನ್ನೂ ಇಲ್ಲಿ ಎಲ್ಲರೂ ನೋಡಿದರು.

ಹೋದ ಸಲ ಊರಿಗೆ ಹೋದಾಗ ನಮ್ಮ ಕಾಕಾಗೆ ಮೊಬೈಲಿನಲ್ಲಿ ಆ ಹಸುವಿನ ಚಿತ್ರ ತೋರಿಸಿ, ಇದು ನಮ್ಮ ಕೃಷ್ಣಾ ದನದ ಬಳಗ ಅಂದೆ. ನಮ್ಮೂರಲ್ಲಿ ಈಗ ಆ ತಳಿ ಕಾಣಸಿಗುವುದು ಅಪರೂಪ, ಟ್ರ್ಯಾಕ್ಟರ್ ಬಂದ ಮೇಲೆ ಅಷ್ಟು ದೊಡ್ಡ ಎತ್ತು ಯಾರಿಗೆ ಬೇಕು. ಕಾಕಾ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಹೆಸರು ಹೇಳಿದೆ, ಅದಕ್ಕೇನೂ ಅನ್ನಲಿಲ್ಲ. "ಎರಡ ತಲಿ ಅಂದ್ರ ಮೇವೂ ಎರಡ ಪಟ್ಟ ಬೇಕಲ್ಲೋ ತಮ್ಮಾ," ಅಂದರು, "ಹಾಲ ಎಷ್ಟ ಕೊಡತೈತಿ?"