ಕುಮ್ಕಿಯ ಸೊಪ್ಪೂ ತೋಟದ ಕಳೆಯೂ

ಕಾಸರಗೋಡು ಸೀಮೆಯ ಅಡಿಕೆತೋಟಗಳ ಚರಿತ್ರೆಯನ್ನು ಹೇಳುವವರು ನೀರಿನ, ಬೆಲೆಯ, ಗೇಣಿಯ ಮಾತನ್ನೆತ್ತುತ್ತಾರೆ. ಕಳೆಯ ವಿಚಾರವನ್ನು ಎತ್ತುವವರು ವಿರಳ. ಆದರೂ ಎಡೆಬಿಡದೆ ಮಳೆ ಸುರಿಯುವ ಈ ನಾಡಿನಲ್ಲಿ ಹುಲ್ಲಿನೊಡನೆ ಹೋರಾಡದೆ ತೋಟ ಮಾಡಿದವರುಂಟೆ?

ಕಳೆಗೆ ಬೆಳಕು ದೊರೆಯದಂತೆ ಮಾಡುವುದೇ ನಮ್ಮ ಹಿರಿಯರ ಉಪಾಯವಾಗಿತ್ತು. ಕಾಡಿನ ಸೊಪ್ಪನ್ನೂ ತರಗೆಲೆಯನ್ನೂ ಹಟ್ಟಿಗೆ ಹಾಸಿ, ಗೊಬ್ಬರವಾದ ಬಳಿಕ ಮರದ ಬುಡಕ್ಕೆ ಹಾಕುತ್ತಿದ್ದರು. ಅದರ ಮೇಲೆ ಉದುರಿದ ಸೋಗೆಯ ಹೊದಿಕೆ. ಹೀಗೆ ಮುಚ್ಚಿದ ನೆಲದಲ್ಲಿ ಬೀಜ ಮೊಳೆತರೂ ತಲೆಯೆತ್ತುವುದು ಕಷ್ಟ. ಈ ಸೊಪ್ಪಿಗೆ ಕಾನೂನಿನ ಆಸರೆಯೂ ಇತ್ತು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕಂದಾಯ ಪದ್ಧತಿಯಂತೆ, ವರ್ಗದ ಜಮೀನಿನ ಗಡಿಯಿಂದ 100 ಗಜದೊಳಗಿನ ಸರಕಾರೀ ಭೂಮಿಯಲ್ಲಿ ಸೊಪ್ಪು, ಸೌದೆ, ಹುಲ್ಲು ತರುವ ಸವಲತ್ತು ವರ್ಗದಾರನಿಗೆ ಸಲ್ಲುತ್ತಿತ್ತು. ಅದೇ ಕುಮ್ಕಿ, ನೆರವು ಎಂಬುದು ಆ ಮಾತಿನ ಅರ್ಥ. ತೋಟಕ್ಕೆ ಗುಡ್ಡದ ನೆರವಿದ್ದಂತೆ, ಸೊಪ್ಪನ್ನು ತಲೆಹೊರೆಯಲ್ಲಿ ತಂದವರ ನೆರವೂ ಇತ್ತು. ಅವರಿಗೆ ಸಂದ ಕೂಲಿಯನ್ನು ನೆನೆದರೆ ಹಳೆಯ ಕಾಲವನ್ನು ಬರಿದೆ ಹೊಗಳಲು ಮನಸ್ಸು ಬಾರದು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಅದೇ ವರ್ಷ ದೂರದ ಸ್ವಿಟ್ಜರ್ಲೆಂಡಿನ ಗೈಗಿ ಸಂಸ್ಥೆ ಸಿಮಜೀನ್ ಎಂಬ ಕಳೆನಾಶಕವನ್ನು ಲೋಕಕ್ಕೆ ಪರಿಚಯಿಸಿತು. ನೀರಿನಲ್ಲಿ ಕರಗುವುದು ಅತ್ಯಲ್ಪವಾದುದರಿಂದ ಅದು ಮೇಲ್ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು, ಮೊಳೆಯುವ ಕಳೆಗಳನ್ನು ಕೊಲ್ಲುತ್ತದೆ. ಆಳಕ್ಕೆ ಬೇರಿಳಿಸಿದ ಮರಕ್ಕೆ ಹೆಚ್ಚಾಗಿ ತಗಲುವುದಿಲ್ಲ. ಪಾಶ್ಚಾತ್ಯರ ಸೇಬು, ದ್ರಾಕ್ಷಿ ತೋಟಗಳಲ್ಲಿ ಒಮ್ಮೆ ಸಿಂಪಡಿಸಿ ಬಹುಕಾಲ ನಿಶ್ಚಿಂತರಾಗುವ ರೂಢಿ ಬೆಳೆಯಿತು. ನಿಶ್ಚಿಂತೆ ಮಾತ್ರ ಬಾಳಲಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಸಸಿತೋಟದಲ್ಲಿ 1958ರಿಂದ ಹತ್ತು ವರ್ಷ ಇದೇ ಬಗೆಯ ಔಷಧಿಯನ್ನು ಹಾಕಿದ ಮೇಲೆ ಗ್ರೌಂಡ್‌ಸೆಲ್ ಎಂಬ ಕಳೆ ಅದಕ್ಕೆ ಜಗ್ಗದಾಯಿತೆಂದು 1970ರಲ್ಲಿ ವರದಿಯಾಯಿತು. ಅಂತರ್ಜಲಕ್ಕೂ ಇಳಿಯುವುದು ಕಂಡುಬಂದು, ಯೂರೋಪಿಯನ್ ಒಕ್ಕೂಟ 2004ರಲ್ಲಿ ಅದರ ಅನುಮತಿಯನ್ನು ನಿರಾಕರಿಸಿತು.

ಇದರಿಂದ ನಮಗೇನು ಎಂದು ವಾಚಕರು ಕೇಳಬಹುದು. ಮುರಕಲ್ಲಿನ ಗುಡ್ಡಗಳನ್ನು ಕೊರೆದ ಸುರಂಗಗಳ ನೀರನ್ನು ಕುಡಿದು ಬಾಳಿದ ಮನೆಗಳು ನಮ್ಮವು. ಗುಡ್ಡದ ಮೇಲೆ ಸುರಿದದ್ದು ಕೆಳಗೆ ಒಸರೀತೆಂಬ ಅಂಜಿಕೆ ನಮಗೆ ಸಹಜ. 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿಸಿದ ಎಂಡೋಸಲ್ಫಾನ್ ಕೀಟಕ್ಕೆಂದು ತಂದ ವಿಷ, ಕಳೆಗೆಂದಲ್ಲ. ಆದರೆ ಅದನ್ನು ಕಂಡ ಊರು ಯಾವ ಡಬ್ಬಿಯನ್ನೂ ಸುಲಭವಾಗಿ ನಂಬಲಾರದು. 2019ರಲ್ಲಿ ಕೇರಳ ಸರಕಾರ ಗ್ಲೈಫೋಸೇಟನ್ನು ನಿಷೇಧಿಸಿತು.

ಇಂದು ಕುಮ್ಕಿಯ ಎಷ್ಟೋ ಗುಡ್ಡಗಳಲ್ಲಿ ರಬ್ಬರು ನಿಂತಿದೆ, ಸೊಪ್ಪು ಹೊರುವವರಿಲ್ಲ. ಎಳೆಯ ತೆಂಗಿನ ತೋಟಕ್ಕೆ ಪ್ಯುರೇರಿಯ, ಕ್ಯಾಲೊಪೊಗೋನಿಯಂ ಮುಂತಾದ ದ್ವಿದಳ ಬಳ್ಳಿಗಳ ಹೊದಿಕೆ ಒಳ್ಳೆಯದು, ಸಾರಜನಕವೂ ದೊರೆಯುತ್ತದೆ. ಬಳ್ಳಿ ಗಿಡಕ್ಕೆ ಹಬ್ಬದಂತೆ ಬುಡವನ್ನು ಆಗಾಗ ಬಿಡಿಸಬೇಕು. ಬೆಳೆದ ಅಡಿಕೆತೋಟದ ದಟ್ಟ ನೆರಳಿನಲ್ಲಿ ಆ ಬಳ್ಳಿಗಳು ಅಷ್ಟಾಗಿ ಏಳವು. ಅಲ್ಲಿ ಸೋಗೆಯನ್ನು ಕಡಿದು ಹಾಸಿ, ಹುಲ್ಲನ್ನು ಬೇರುಸಹಿತ ಕೀಳದೆ ಯಂತ್ರದಿಂದ ಕತ್ತರಿಸಿ ಇದ್ದಲ್ಲಿಯೇ ಬಿಡುವವರು ಈಗ ಹಲವರಿದ್ದಾರೆ.