ಮಾತು ಬರದ ಮಕ್ಕಳು

ಕಪ್ಪು ಜನರ ಮಕ್ಕಳಿಗೆ ಭಾಷೆಯೇ ಇಲ್ಲವೆಂದು 1960ರ ದಶಕದಲ್ಲಿ ಅಮೆರಿಕದ ಕೆಲವು ಪಂಡಿತರು ಬರೆದರು. ಕೇರಿ ಮಕ್ಕಳಿಗೆ ನಾಲಿಗೆ ಹೊರಳಲ್ಲ ಅನ್ನುವ ಮೇಷ್ಟ್ರುಗಳನ್ನು ಕಂಡ ನಮಗಿದು ಹೊಸದಲ್ಲ.

ಭಾಷಾವಿಜ್ಞಾನಿ ವಿಲಿಯಂ ಲಬೋವ್ ತಂಡ ನ್ಯೂಯಾರ್ಕಿನ ಹಾರ್ಲೆಮಿಗೆ ಹೋಯಿತು. ಎಂಟು ವರ್ಷದ ಹುಡುಗ, ಏನು ಕೇಳಿದರೂ ಒಂದೇ ಮಾತಿನ ಉತ್ತರ. ಕೇಳಿದವನೂ ಹಾರ್ಲೆಮಿನ ಕಪ್ಪು ಮನುಷ್ಯನೇ, ಆದರೂ ಬಾಯಿ ಬಿಡಲಿಲ್ಲ. ಮುಂದಿನ ಸಲ ಆತ ಆಲೂಗಡ್ಡೆ ಚಿಪ್ಸ್ ತಂದ, ಹುಡುಗನ ಗೆಳೆಯನನ್ನು ಕರೆತಂದ, ನೆಲದ ಮೇಲೆ ಕೂತ, ಬೀದಿಯ ಪೋಲಿ ಮಾತನ್ನು ತಾನೇ ಆಡಿದ. ಹುಡುಗರಿಬ್ಬರೂ ನಾ ಮುಂದು ತಾ ಮುಂದು ಅಂತ ಮಾತಿಗೆ ಬಿದ್ದರು! ಅವ್ವನ ಹತ್ತಿರ, ಓಣಿಯಲ್ಲಿ ಕಲಿತ ಮಾತು ಒಳಗೇ ಇತ್ತು; ಮೇಲೆ ಕೂತು ಪ್ರಶ್ನೆ ಹಾಕುವವನ ಮುಂದೆ ಅದು ಅಡಗಿತ್ತು, ಅಷ್ಟೆ. ಆ ಮಾತಿಗೂ ವ್ಯಾಕರಣವುಂಟು, ತರ್ಕವುಂಟು ಎಂದು ಲಬೋವ್ 1969ರಲ್ಲಿ ಬರೆದ.

ಮಿಷಿಗನ್ನಿನ ಆನ್ ಆರ್ಬರ್‌ನಲ್ಲಿ ಕಪ್ಪು ತಾಯಂದಿರು ಕೋರ್ಟಿಗೇ ಹೋದರು. ಲಬೋವ್ ಸಾಕ್ಷಿ ನುಡಿದ. ಮಕ್ಕಳ ಮನೆಮಾತನ್ನು ಮೇಷ್ಟ್ರುಗಳು ಮೊದಲು ಅರಿಯಲಿ ಎಂದು 1979ರಲ್ಲಿ ತೀರ್ಪು ಬಂತು.