ಪುನರುತ್ಥಾನ: ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ
ಭಿತ್ತಿಚಿತ್ರ, 15ನೇ ಶತಮಾನ. ನಗರ ವಸ್ತುಸಂಗ್ರಹಾಲಯ, ಸಾನ್‌ಸೆಪೋಲ್ಕ್ರೊ, ಇಟಲಿ

ಯೇಸುಸ್ವಾಮಿ ಸಮಾಧಿಯಿಂದ ಎದ್ದ ಗಳಿಗೆಯನ್ನು ಯಾವ ಶುಭಸಂದೇಶವೂ ವರ್ಣಿಸುವುದಿಲ್ಲ. ನಾಲ್ಕೂ ಹೇಳುವುದು ಬರಿದಾದ ಸಮಾಧಿಯ ಸುದ್ದಿಯನ್ನು. ಆ ಮೌನದ ಗಳಿಗೆಯನ್ನೇ ಪಿಯೆರೊ ಬಿಡಿಸಿದ್ದಾನೆ. ಕಾವಲಿನ ನಾಲ್ವರು ಸಿಪಾಯಿಗಳಿಗೆ ಗಾಢ ನಿದ್ದೆ; ಅವರಲ್ಲೊಬ್ಬನ ಮುಖ ಚಿತ್ರಕಾರನದ್ದೇ ಎಂಬುದು ಹಳೆಯ ನಂಬಿಕೆ. ಅವರ ಹಿಂದೆ ಕ್ರಿಸ್ತರು ಸಮಾಧಿಯ ಅಂಚಿನ ಮೇಲೆ ಕಾಲೂರಿ, ಧ್ವಜ ಹಿಡಿದು ನಿಂತಿದ್ದಾರೆ. ನೋಟ ನೇರ ನಮ್ಮತ್ತ. ಅದರಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಪಕ್ಕೆಯ ಗಾಯವನ್ನು ಗಮನಿಸಿ. ಅದು ಮಾಸಿಲ್ಲ. ಕಥೋಲಿಕ ವಿಶ್ವಾಸದ ತಿರುಳು ಇಲ್ಲಿದೆ: ಎದ್ದು ಬಂದದ್ದು ನೆರಳಲ್ಲ, ಬರಿಯ ಆತ್ಮವೂ ಅಲ್ಲ, ಶಿಲುಬೆಯ ಮೇಲೆ ನೊಂದ ಅದೇ ದೇಹ. ಸಂದೇಹಪಟ್ಟ ತೋಮನಿಗೆ ಮುಟ್ಟಿ ನೋಡು ಎಂದದ್ದು ಈ ಗಾಯವನ್ನೇ. ಈಸ್ಟರ್ ಜಾಗರಣೆಯ ರಾತ್ರಿ ಹಚ್ಚುವ ಪಾಸ್ಕ ಮೇಣದಬತ್ತಿಗೂ ಪಂಚಗಾಯಗಳ ನೆನಪಿಗೆ ಐದು ಧೂಪದ ಹರಳುಗಳನ್ನು ಚುಚ್ಚುವ ರೂಢಿಯಿದೆ.

ಚಿತ್ರದ ಎಡಬದಿಯ ಮರಗಳು ಬೋಳು. ಬಲಬದಿಯವು ಚಿಗುರಿವೆ.

ಸಾನ್‌ಸೆಪೋಲ್ಕ್ರೊ ಎಂಬ ಊರಿನ ಹೆಸರಿಗೇ 'ಪವಿತ್ರ ಸಮಾಧಿ' ಎಂದರ್ಥ. ಚಿತ್ರವನ್ನು ಬರೆಸಿದ್ದೂ ಚರ್ಚಿಗಲ್ಲ, ಊರಿನ ಆಡಳಿತ ನಡೆಯುತ್ತಿದ್ದ ಭವನಕ್ಕೆ. 1944ರಲ್ಲಿ ಬ್ರಿಟಿಷ್ ಫಿರಂಗಿಗಳು ಊರಿನತ್ತ ಗುಂಡು ಹಾರಿಸುತ್ತಿದ್ದಾಗ ಅಧಿಕಾರಿ ಟೋನಿ ಕ್ಲಾರ್ಕ್ ಅವರಿಗೆ ಆಲ್ಡಸ್ ಹಕ್ಸ್‌ಲಿಯ ಪ್ರಬಂಧವೊಂದು ನೆನಪಾಯಿತು. ಜಗತ್ತಿನ ಅತ್ಯುತ್ತಮ ಚಿತ್ರ ಇರುವುದು ಇಲ್ಲೇ ಎಂದು ಅದರಲ್ಲಿ ಓದಿದ್ದರು. ಅವರು ದಾಳಿ ನಿಲ್ಲಿಸಿದರು. ಊರಿನ ಒಂದು ಬೀದಿಗೆ ಈಗ ಅವರ ಹೆಸರಿದೆ.